ಲೆಪರ್ಡ್ ಗೆಕ್ಕೊ ಊಟ ಬಿಟ್ಟಾಗ ಮೊದಲು ಅಳೆಯಬೇಕಾದ್ದು

ಎಲ್ಲರಿಗೂ ನಮಸ್ಕಾರ. ಲೆಪರ್ಡ್ ಗೆಕ್ಕೊ ಅನ್ನುವ ಹಲ್ಲಿ ಸಾಕಿದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆ ಇದು: "ಹತ್ತು ದಿನದಿಂದ ಏನೂ ಮುಟ್ಟಿಲ್ಲ, ಬೇರೆ ಯಾವ ಹುಳು ಹಾಕಲಿ?" ಈ ಪ್ರಶ್ನೆಯಲ್ಲೇ ಅರ್ಧ ತಪ್ಪಿದೆ. ಮನೆಗೆ ಬಂದ ನೆಂಟರು ಊಟ ಬೇಡ ಅಂದರೆ ಇನ್ನೊಂದು ಪಲ್ಯ ಮಾಡಿ ಬಡಿಸುವುದು ನಮ್ಮ ಅಭ್ಯಾಸ. ಗೆಕ್ಕೊ ವಿಷಯದಲ್ಲಿ ಹುಳು ಬದಲಿಸುವುದು ಕೊನೆಯ ಕೆಲಸ. ಅದಕ್ಕೂ ಮುಂಚೆ ಎರಡನ್ನು ಅಳೆಯಬೇಕು: ಅದರ ಹೊಟ್ಟೆ ತಾಗುವ ನೆಲದ ಬಿಸಿ, ಮತ್ತೆ ಅದರ ತೂಕ. ಇವತ್ತಿನ ಮಾತಿನ ಬಹುಪಾಲು ಈ ಎರಡರ ಸುತ್ತಲೇ ಸುತ್ತುತ್ತದೆ.

ಪ್ರಾಣಿಯ ಬಗ್ಗೆ ಎರಡು ಮಾತು. ಇದು ನಮ್ಮ ಗೋಡೆ ಹಲ್ಲಿಯ ದೂರದ ನೆಂಟ. ಬೆರಳಡಿಯಲ್ಲಿ ಅಂಟುವ ಪಟ್ಟಿಗಳಿಲ್ಲ, ಹಾಗಾಗಿ ಗೋಡೆ ಹತ್ತಲಾರದು. ಗೋಡೆ ಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ, ಕಣ್ಣು ಮುಚ್ಚಿ ಮಲಗುತ್ತದೆ. ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪಂಜಾಬಿನ ಸಾಲ್ಟ್ ರೇಂಜ್ ಬೆಟ್ಟಸಾಲಿನ ಮಾದರಿಯಿಂದ. ಆ ಜಾಗ ಈಗ ಪಾಕಿಸ್ತಾನದಲ್ಲಿದೆ. ಪಾಕಿಸ್ತಾನ, ಅಫ್ಘಾನಿಸ್ತಾನ, ವಾಯುವ್ಯ ಭಾರತದ ಒಣ ಕಲ್ಲುನೆಲ ಇದರ ತವರು. ಅಲ್ಲಿ ಬೇಸಿಗೆ ಎಷ್ಟು ಬಿರುಸೋ ಚಳಿಗಾಲವೂ ಅಷ್ಟೇ ಬಿರುಸು. ಹುಳು ಸಿಗದ ತಿಂಗಳುಗಳನ್ನು ಬಾಲದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಕಳೆಯುತ್ತದೆ. ಬಾಲವೇ ಅದರ ಕಣಜ. ಕಣಜ ತುಂಬಿದ 60 ಗ್ರಾಂನ ದೊಡ್ಡ ಗೆಕ್ಕೊ ಎರಡು ವಾರ ತಿನ್ನದಿದ್ದರೆ ಅದು ಏಕಾದಶಿ ಉಪವಾಸವಿದ್ದಂತೆ. ಮೊಟ್ಟೆಯಿಂದ ಹೊರಬಂದು ತಿಂಗಳಾಗದ 4 ಗ್ರಾಂ ಮರಿಗೆ ಕಣಜವೇ ಇಲ್ಲ. ಹಾಗಾಗಿ ಈಗ ಹೇಳುವ ಸಮಾಧಾನದ ಮಾತೆಲ್ಲ ದೊಡ್ಡವಕ್ಕೆ. ಮರಿ ಐದಾರು ದಿನ ತಿನ್ನದಿದ್ದರೆ ಕಾಯುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಈಗ ಬಿಸಿ. ಗೆಕ್ಕೊಗೆ ತನ್ನ ಮೈ ತಾನೇ ಕಾಯಿಸಿಕೊಳ್ಳಲು ಬರುವುದಿಲ್ಲ. ನುಂಗಿದ ಹುಳು ಕರಗಬೇಕಾದರೆ ಹೊರಗಿನ ಬಿಸಿ ಬೇಕು. ನೆಲ 26 ಡಿಗ್ರಿಯಲ್ಲೇ ಇದ್ದರೆ ಹೊಟ್ಟೆಯಲ್ಲಿರುವುದು ಕರಗುವುದು ನಿಧಾನವಾಗುತ್ತದೆ, ಹಸಿವು ಹೋಗುತ್ತದೆ, ಒತ್ತಾಯಕ್ಕೆ ತಿಂದರೂ ಎರಡು ದಿನದ ಮೇಲೆ ಅರೆಜೀರ್ಣವಾದ ಹುಳು ವಾಂತಿಯಾಗಿ ಬರುತ್ತದೆ. ತಣ್ಣಗಿರುವ ಪ್ರಾಣಿ ಊಟ ಬಿಡುವುದು ಅದರ ಜಾಣತನ. ಹೊಟ್ಟೆಯಲ್ಲಿ ಕೊಳೆಯುವುದಕ್ಕಿಂತ ಖಾಲಿ ಇರುವುದು ವಾಸಿ.

ಗೆಕ್ಕೊ ಇರುವ ತೊಟ್ಟಿಯ ಒಂದು ತುದಿ ಬಿಸಿ, ಇನ್ನೊಂದು ತಂಪು, ಅಡಗಿ ಮಲಗಲು ಗೂಡು. ಬೇಕಾದ ಅಂಕಿ ಹೀಗಿವೆ. ಬಿಸಿ ತುದಿಯ ಗೂಡಿನೊಳಗಿನ ನೆಲ 32ರಿಂದ 33 ಡಿಗ್ರಿ ಸೆಲ್ಸಿಯಸ್. ದೀಪದಡಿಯ ಕಲ್ಲಿದ್ದರೆ ಅದರ ಮೇಲ್ಮೈ 35ರ ತನಕ. ತಂಪು ತುದಿ 24ರಿಂದ 26. ರಾತ್ರಿ 20ಕ್ಕೆ ಇಳಿದರೂ ಆರೋಗ್ಯವಾಗಿರುವ ಪ್ರಾಣಿಗೆ ತೊಂದರೆಯಿಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿ 16ರ ಆಸುಪಾಸಿಗೆ ಬರುತ್ತದೆ. ಕಿಟಕಿ ಪಕ್ಕದ ತೊಟ್ಟಿ ಅಷ್ಟೇ ತಣ್ಣಗಾದರೆ ಬೆಳಿಗ್ಗೆ ಅದು ಮತ್ತೆ ಕಾಯುವಷ್ಟರಲ್ಲಿ ಮಧ್ಯಾಹ್ನ.

ಎಲ್ಲರೂ ಎಡವುವುದು ಅಳತೆಯಲ್ಲೇ. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರ್ ಹೇಳುವುದು ಗಾಜಿನ ಪಕ್ಕದ ಗಾಳಿಯ ಕಥೆ. ಗೆಕ್ಕೊ ಹೊಟ್ಟೆ ಊರಿ ಕೂರುವ ನೆಲದ ಕಥೆಯನ್ನಲ್ಲ. ವೈರಿನ ತುದಿಯಲ್ಲಿ ಪ್ರೋಬ್ (ಬಿಸಿ ಅಳೆಯುವ ಮೊನೆ) ಇರುವ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಂಡು, ಪ್ರೋಬನ್ನು ಬಿಸಿ ಗೂಡಿನೊಳಗೆ ಪ್ರಾಣಿ ಮಲಗುವ ಜಾಗದಲ್ಲೇ ಅಂಗಾತವಾಗಿ ಇಟ್ಟು ಒಂದು ಗಂಟೆ ಬಿಡಿ. ಇನ್ಫ್ರಾರೆಡ್ ಗನ್ ಇದ್ದರೂ ಆಗುತ್ತದೆ, ಆದರೆ ಗಾಜಿನ ಹೊರಗಿನಿಂದ ಗುರಿ ಹಿಡಿಯಬೇಡಿ. ಅದು ಗಾಜಿನ ಬಿಸಿಯನ್ನೇ ಓದುತ್ತದೆ. ಮುಚ್ಚಳ ತೆಗೆದು, ಗೂಡು ಎತ್ತಿ, ಆ ಕ್ಷಣದಲ್ಲೇ ನೆಲಕ್ಕೆ ಹಿಡಿಯಬೇಕು.

ಹೀಟ್ ಮ್ಯಾಟ್ (ತೊಟ್ಟಿಯ ಗಾಜಿನಡಿ ಇಡುವ ಕರೆಂಟಿನ ಬಿಸಿ ಹಾಸು) ಬಳಸುವವರು ಅದರ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟಿನ ಪ್ರೋಬ್ ಎಲ್ಲಿದೆ ಅಂತ ಇವತ್ತು ರಾತ್ರಿಯೇ ನೋಡಿ. ಅದು ಮ್ಯಾಟ್ ಮತ್ತು ಗಾಜಿನ ನಡುವೆ ಸಿಕ್ಕಿಸಿದ್ದರೆ, 33ಕ್ಕೆ ತಿರುಗಿಸಿಟ್ಟರೂ ಒಳಗಿನ ನೆಲ ಅಷ್ಟು ಬಿಸಿಯಾಗುವುದಿಲ್ಲ; ಗಾಜು, ಟೈಲ್ಸ್, ಮೇಲೆ ಹಾಕಿದ ಮಣ್ಣು ಎಲ್ಲ ಸೇರಿ ಬಿಸಿ ತಿಂದುಹಾಕುತ್ತವೆ. ಹಾಗಾಗಿ ಥರ್ಮೋಸ್ಟಾಟಿನ ಅಂಕಿ ನಂಬದೆ, ಒಳಗಿನ ಪ್ರೋಬ್ 32 ತೋರಿಸುವ ತನಕ ಒಂದೊಂದೇ ಡಿಗ್ರಿ ಏರಿಸಿ, ಪ್ರತಿಸಲ ಎರಡು ಗಂಟೆ ಬಿಟ್ಟು ನೋಡಿ. ಮ್ಯಾಟಿನ ಮೇಲೆ ಮೂರು ಬೆರಳು ದಪ್ಪ ಮಣ್ಣು ಸುರಿದಿದ್ದರೆ ಆ ತುದಿಯಲ್ಲಿ ಮಣ್ಣು ಸರಿಸಿ ಬರೀ ಟೈಲ್ಸ್ ಬಿಡಿ. ಪ್ರೋಬ್ ಅಂಟು ಬಿಟ್ಟು ಹೊರಗೆ ತಂಪು ಗಾಳಿಯಲ್ಲಿ ನೇತಾಡುತ್ತಿದ್ದರೆ ಇದರ ಉಲ್ಟಾ: ಥರ್ಮೋಸ್ಟಾಟ್ ಇನ್ನೂ ತಣ್ಣಗಿದೆ ಅಂದುಕೊಂಡು ಮ್ಯಾಟನ್ನು ಪೂರ್ತಿ ಉರಿಸುತ್ತದೆ, ಪ್ರಾಣಿಯ ಹೊಟ್ಟೆ ಸುಡುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕುವುದಂತೂ ಒಲೆ ಮೇಲೆ ಹಾಲಿಟ್ಟು ಊರಿಗೆ ಹೋದಂತೆ.

ಬಿಸಿ ಕಡಿಮೆ ಇತ್ತು ಅಂತ ಗೊತ್ತಾಯಿತೋ, ಸರಿಪಡಿಸಿದ ದಿನವೇ ಹುಳು ಹಾಕಬೇಡಿ. ಎರಡು ಮೂರು ದಿನ ಮೈ ಕಾಯಲಿ, ನೀರು ಕುಡಿಯಲಿ, ಒಂದು ಹಿಕ್ಕೆ ಹಾಕಲಿ. ಆಮೇಲೆ ಮುಸ್ಸಂಜೆ ದೀಪ ಆರಿದ ಮೇಲೆ ಒಂದೇ ಒಂದು ಸಣ್ಣ ಹುಳು. ಊಟ ಬಿಟ್ಟ ದೊಡ್ಡ ಗೆಕ್ಕೊಗಳಲ್ಲಿ ಬಹಳಷ್ಟು ಇಷ್ಟಕ್ಕೇ ದಾರಿಗೆ ಬರುತ್ತವೆ.

ತೂಕಕ್ಕೆ ಬರೋಣ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದೊಡ್ಡದಕ್ಕೆ 1 ಗ್ರಾಂ ನಿಖರತೆ, ಮರಿಗೆ 0.1 ಗ್ರಾಂ. ಅಡುಗೆಯ ಪಾತ್ರೆಯಲ್ಲಿ ತೂಗಬೇಡಿ. ಸರೀಸೃಪಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ನಮಗೂ ರೋಗ ತರುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅದಕ್ಕೆಂದೇ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇಡಿ, ಖಾಲಿ ಡಬ್ಬಿ ಇಟ್ಟು ಸೊನ್ನೆ ಒತ್ತಿ, ಆಮೇಲೆ ಪ್ರಾಣಿ. ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತು, ಹುಳು ಹಾಕುವ ಮುಂಚೆ. ಬರೆದಿಡಿ. ಒಂದು ಹಿಕ್ಕೆಯೇ 1 ಗ್ರಾಂ ತೂಗಬಹುದು, ಹಾಗಾಗಿ ಒಂದು ವಾರದ 1 ಗ್ರಾಂ ಇಳಿತಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದ್ದು ಇಳಿಜಾರು. ನಾಲ್ಕು ವಾರದಲ್ಲಿ 62, 61, 61, 60 ಬಂದರೆ ಕಾಯಬಹುದು. 62, 59, 57, 55 ಬಂದರೆ ಕಾಯಬಾರದು. ಮಾಮೂಲಿ ತೂಕದ ನೂರಕ್ಕೆ ಹತ್ತರಷ್ಟು ಇಳಿದರೆ, ಅಂದರೆ 62 ಗ್ರಾಂನದು 56ಕ್ಕೆ ಬಂದರೆ, ಕಾರಣ ಏನೇ ಇರಲಿ ವೈದ್ಯರು ನೋಡಬೇಕು.

ತೂಗಿದ ದಿನದ ಅಂಕಿ ಎಲ್ಲೂ ಇಲ್ಲದವರು ಬಾಲ ನೋಡಿ. ಮೇಲಿನಿಂದ ನೋಡಿದಾಗ ಬಾಲದ ದಪ್ಪ ಭಾಗ ಹೆಚ್ಚುಕಡಿಮೆ ಕುತ್ತಿಗೆಯಷ್ಟು ಅಗಲ ಇರಬೇಕು. ಸೊಂಟದ ಮೂಳೆ ಎದ್ದು, ಬಾಲ ಪೆನ್ಸಿಲಿನಂತಾಗಿ, ಬೆನ್ನೆಲುಬಿನ ಗೆಣ್ಣುಗಳು ಎಣಿಸಲು ಬಂದರೆ ಕಣಜ ಬರಿದಾಗಿದೆ ಅಂತ ಅರ್ಥ.

ಬಿಸಿ ಸರಿ, ತೂಕವೂ ನಿಂತಲ್ಲೇ ನಿಂತಿದೆ, ಆದರೂ ತಿನ್ನುತ್ತಿಲ್ಲ. ಆಗ ಗೆಕ್ಕೊಗೆ ಅದರದೇ ಕಾರಣಗಳಿರುತ್ತವೆ. ರೇಷ್ಮೆ ಸಾಕಿದ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ: ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ ಅಲುಗದೆ ನಿಂತಾಗ, ಎಷ್ಟು ಎಳೆ ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ, ಪೊರೆ ಬಿಟ್ಟ ಮೇಲೆ ತಾನೇ ಎದ್ದು ತಿನ್ನುತ್ತದೆ. ಗೆಕ್ಕೊ ಮೈ ಸುಣ್ಣ ಬಳಿದಂತೆ ಮಂಕಾದರೆ ಎರಡು ಮೂರು ದಿನದಲ್ಲಿ ಪೊರೆ ಬಿಡುತ್ತದೆ, ಆ ಪೊರೆಯನ್ನೇ ಎಳೆದೆಳೆದು ತಿನ್ನುತ್ತದೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು. ಆ ವಾರ ಹುಳು ಬೇಡ.

ದೊಡ್ಡ ಹೆಣ್ಣಾದರೆ ಚಳಿಗಾಲದ ಕೊನೆಯಿಂದ ಬೇಸಿಗೆ ತನಕ ಮೊಟ್ಟೆಯ ಕಾಲ. ಗಂಡು ಇಲ್ಲದಿದ್ದರೂ ಮೊಟ್ಟೆ ಕಟ್ಟುತ್ತದೆ, ಇದು ಅನೇಕರಿಗೆ ಗೊತ್ತಿಲ್ಲ. ಆಗ ಮೂರು ನಾಲ್ಕು ವಾರ ಊಟ ಬಿಡಬಹುದು. ತೂಗುವ ಡಬ್ಬಿ ಪಾರದರ್ಶಕ ಇರಲಿ ಅಂದದ್ದು ಇದಕ್ಕೇ: ಡಬ್ಬಿ ಎತ್ತಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಹೊಟ್ಟೆಯ ತೆಳು ಚರ್ಮದ ಹಿಂದೆ ಎರಡೂ ಪಕ್ಕ ನಸುಗೆಂಪು ದುಂಡು ನೆರಳು ಕಂಡರೆ ಅಂಡ ಬೆಳೆಯುತ್ತಿದೆ. ಬೆಳ್ಳಗೆ ಉದ್ದುದ್ದ ಕಂಡರೆ ಮೊಟ್ಟೆ ತಯಾರಾಗಿದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು. ಮುಚ್ಚಳವಿರುವ ಡಬ್ಬಿಗೆ ಒಂದು ಬಾಗಿಲು ಕೊರೆದು, ನಾಲ್ಕು ಇಂಚು ಒದ್ದೆ ಕೊಕೊಪೀಟ್ ತುಂಬಿಸಿಡಿ. ಕೊಕೊಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆ ಇಡಲು ತಕ್ಕ ಜಾಗವಿಲ್ಲದೆ ಹೆಣ್ಣು ಮೊಟ್ಟೆ ಹಿಡಿದಿಟ್ಟುಕೊಂಡರೆ ಜೀವಕ್ಕೇ ಬರುತ್ತದೆ. ದಿನವಿಡೀ ಕೆರೆಯುತ್ತಿದೆ, ತಿಣುಕುತ್ತಿದೆ, ಕಣ್ಣು ಗುಳಿಬಿದ್ದಿದೆ ಅಂದರೆ ಅವತ್ತೇ ಆಸ್ಪತ್ರೆ.

ಗಂಡು ಅದೇ ಕಾಲದಲ್ಲಿ ಅದೇ ಕೋಣೆಯಲ್ಲಿರುವ ಹೆಣ್ಣಿನ ವಾಸನೆಗೆ ಗಾಜು ಕೆರೆಯುತ್ತಾ ಊಟ ಮರೆಯುತ್ತದೆ. ಚಳಿಗಾಲದಲ್ಲಿ ದೊಡ್ಡವು ಮಂಕಾಗುತ್ತವೆ. ಹೊಸದಾಗಿ ತಂದದ್ದು ಒಂದೆರಡು ವಾರ ತಿನ್ನುವುದಿಲ್ಲ. ದಿನಾ ಎತ್ತಿ ಮುದ್ದಾಡಿದರೆ ಮೂರು ನಾಲ್ಕು ವಾರ. ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು, ನಡುವೆ ಒದ್ದೆ ಪಾಚಿ ಅಥವಾ ಟಿಶ್ಯೂ ಇಟ್ಟದ್ದೊಂದು, ಹೀಗೆ ಮೂರು ಗೂಡು ಕೊಟ್ಟು ಎರಡು ವಾರ ಕೈ ಹಾಕದೆ ಬಿಡಿ. ಎರಡು ಗೆಕ್ಕೊ ಒಟ್ಟಿಗಿದ್ದರೆ ಬೇರೆ ಮಾಡಿ. ಮೇಲೆ ಮೇಲೆ ಮಲಗಿದ್ದನ್ನು ಪ್ರೀತಿ ಅಂತ ಫೋಟೊ ಹಾಕುತ್ತಾರೆ, ಅದು ಬಿಸಿ ಜಾಗಕ್ಕೆ ನಡೆಯುವ ಜಗಳ.

ಇನ್ನು ಗಟ್ಟಿ ವಿಷಯ. "ತಿನ್ನುತ್ತಿಲ್ಲ" ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ: ತಿನ್ನಲು ಮನಸ್ಸಿಲ್ಲದಿರುವುದು, ಮನಸ್ಸಿದ್ದೂ ಆಗದಿರುವುದು. ಇದನ್ನು ತಿಳಿಯಲು ಒಂದು ಹುಳು ಹಾಕಿ ಐದು ನಿಮಿಷ ಅಲುಗದೆ ನೋಡಿ. ಹಸಿದ ಗೆಕ್ಕೊ ತಲೆ ಎತ್ತಿ, ಕತ್ತು ಓರೆ ಮಾಡಿ, ಬೆಕ್ಕಿನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತದೆ. ಹಾರುವ ಮುಂಚೆ ಬಾಲದ ತುದಿ ಸಣ್ಣಗೆ ನಡುಗುತ್ತದೆ. ಇಷ್ಟೆಲ್ಲ ಮಾಡಿ, ಹಾರಿ, ಪ್ರತಿಸಲ ಹುಳುವಿನ ಪಕ್ಕದ ನೆಲ ಕಚ್ಚಿದರೆ ತೊಂದರೆ ಹಸಿವಿನದ್ದಲ್ಲ. ರೆಪ್ಪೆಯೊಳಗೆ ಹಳೆ ಪೊರೆ ಸಿಕ್ಕಿಕೊಂಡಿರಬಹುದು. ಎ ಜೀವಸತ್ವ ಕಡಿಮೆಯಾದವಕ್ಕೆ ಇದು ಮತ್ತೆ ಮತ್ತೆ ಆಗುತ್ತದೆ. ಚಿಮುಟ ಹಾಕಿ ಕಣ್ಣಿನೊಳಗಿನದನ್ನು ಎಳೆಯುವ ಸಾಹಸ ಬೇಡ, ವೈದ್ಯರ ಕೆಲಸ ಅದು. ಎನಿಗ್ಮಾ ಅನ್ನುವ ಬಣ್ಣದ ತಳಿಯಲ್ಲಿ ಗುರಿ ತಪ್ಪುವುದು, ಸುತ್ತಿದಲ್ಲೇ ಸುತ್ತುವುದು ಹುಟ್ಟಿನಿಂದ ಬಂದ ನರದ ದೋಷ. ಅಂಥದ್ದಕ್ಕೆ ಜೀವನಪೂರ್ತಿ ಇಕ್ಕಳದಲ್ಲೇ ತಿನ್ನಿಸಬೇಕಾಗಬಹುದು.

ಹಿಡಿದದ್ದನ್ನು ಅಗಿಯಲಾಗದೆ ಬಿಟ್ಟುಬಿಟ್ಟರೆ ದವಡೆ ನೋಡಿ. ಕ್ಯಾಲ್ಸಿಯಂ ಇಲ್ಲದೆ ಮೂಳೆ ಮೆತ್ತಗಾದಾಗ ದವಡೆ ರಬ್ಬರಿನಂತೆ ಬಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ನಡೆದರೆ ಹೊಟ್ಟೆ ನೆಲಕ್ಕೆ ಎಳೆಯುತ್ತದೆ. ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಹಾಗಾಗಿ ಹುಳುವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸದೆ ಕೊಟ್ಟ ಊಟ ಅರ್ಧ ಊಟ. ಬಾಯಿಯ ಅಂಚಿನಲ್ಲಿ ಕೀವು, ಮೊಸರಿನಂಥ ಗಂಟು, ಊತ ಕಂಡರೆ ಬಾಯಿಹುಣ್ಣು. ಅದು ಮನೆಮದ್ದಿಗೆ ಬಗ್ಗುವುದಿಲ್ಲ.

ಹಿಕ್ಕೆ ಓದಲು ಕಲಿಯಿರಿ. ಗೋಡೆ ಹಲ್ಲಿ ಹಾಕುವ ಕಪ್ಪು ಕಡ್ಡಿ, ತುದಿಗೆ ಬಿಳಿ ಚುಕ್ಕೆ, ನೀವೆಲ್ಲ ಕಿಟಕಿ ಕಟ್ಟೆಯಿಂದ ಗುಡಿಸಿದವರೇ. ಗೆಕ್ಕೊದ್ದೂ ಅದೇ ನಮೂನೆ, ಗಾತ್ರ ದೊಡ್ಡದು ಅಷ್ಟೇ. ಬಿಳಿ ಭಾಗ ಮೂತ್ರದ ಬದಲಿಗೆ ಬರುವುದು. ಅದು ಹಳದಿಯಾಗಿ ಸೀಮೆಸುಣ್ಣದಷ್ಟು ಗಟ್ಟಿಯಾದರೆ ಮೈಯಲ್ಲಿ ನೀರಿಲ್ಲ. ಹಿಕ್ಕೆಯೇ ಇಲ್ಲ, ಹೊಟ್ಟೆ ಗಟ್ಟಿ, ನೆಲಕ್ಕೆ ಹಾಕಿದ್ದು ಮರಳು ಅಂದರೆ ಕರುಳು ಕಟ್ಟಿರಬಹುದು. ಕ್ಯಾಲ್ಸಿಯಂ ಮರಳು ಅಂತ ಮಾರುವುದು ಇನ್ನೂ ಕೆಟ್ಟದ್ದು. ರುಚಿಗೆ ನೆಕ್ಕುತ್ತದೆ, ಒಳಗೆ ಗಾರೆಯಂತೆ ಗಟ್ಟಿಯಾಗುತ್ತದೆ. 30ರಿಂದ 32 ಡಿಗ್ರಿ ನೀರು ಹೊಟ್ಟೆ ಮುಳುಗುವಷ್ಟು ಮಾತ್ರ ಹಾಕಿ, ದಿನಕ್ಕೆ ಹದಿನೈದು ನಿಮಿಷ, ಎರಡು ದಿನ ಕೂರಿಸಿ. ಸಡಿಲವಾಗದಿದ್ದರೆ ಎಕ್ಸ್‌ರೇ. ಹರಳೆಣ್ಣೆ ಕುಡಿಸುವ ಅಜ್ಜಿ ವೈದ್ಯ ಇಲ್ಲಿ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕರುಳಿನ ತೊಂದರೆ ಮರೆತೇಹೋಗುತ್ತದೆ.

ಹಿಕ್ಕೆ ತೆಳು, ನಾತ, ತಿಂದದ್ದು ವಾಂತಿ, ತಿಂದರೂ ಬಾಲ ಕಡ್ಡಿ: ಈ ನಾಲ್ಕೂ ಸೇರಿದರೆ ಕ್ರಿಪ್ಟೊಸ್ಪೋರಿಡಿಯಂ ಅನ್ನುವ ಪರಾವಲಂಬಿಯ ಗುಮಾನಿ ಬರಬೇಕು. ಹಿಕ್ಕೆಯ ಪಿಸಿಆರ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆದರೆ ಎಲ್ಲ ಹಿಕ್ಕೆಯಲ್ಲೂ ಅದು ಬೀಳುವುದಿಲ್ಲ. ಒಂದು ಸಲ ಇಲ್ಲ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಎರಡು ಮೂರು ಸಲ ಮಾಡಿಸಬೇಕು. ಪೂರ್ತಿ ವಾಸಿ ಮಾಡುವ ನಂಬಿಕಸ್ಥ ಔಷಧ ಇಲ್ಲ. ಬ್ಲೀಚಿಗೆ ಅದರ ಮೊಟ್ಟೆಯಂಥ ಕೋಶಗಳು ಜಗ್ಗುವುದಿಲ್ಲ. ಅದಕ್ಕೇ ಹೊಸ ಪ್ರಾಣಿಯನ್ನು ಕನಿಷ್ಠ ಎರಡು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಇಕ್ಕಳ, ಬೇರೆ ನೀರಿನ ಬಟ್ಟಲು ಇಟ್ಟು ನೋಡಿಕೊಳ್ಳಬೇಕು. ಹಳೆಯದಕ್ಕೆ ಮೊದಲು ಊಟ, ಹೊಸದಕ್ಕೆ ಆಮೇಲೆ. ನಾಯಿಗೆ ಕೊಡುವ ಜಂತುಮಾತ್ರೆಯನ್ನು ಅಂದಾಜಿಗೆ ಮುರಿದು ಕೊಡಬೇಡಿ. ಕೆಲವು ಔಷಧಗಳು ತಾವೇ ಹಸಿವು ಕೊಲ್ಲುತ್ತವೆ, ಪ್ರಮಾಣ ಮೀರಿದರೆ ನರಕ್ಕೂ ಹೊಡೆಯುತ್ತವೆ.

ಈಗ ಹುಳುವಿನ ಮಾತು, ಕೊನೆಗೂ. ಹುಳುವಿನ ಉದ್ದ ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ತುಸು ಹೆಚ್ಚಿದ್ದರೂ ಪರವಾಗಿಲ್ಲ, ದಪ್ಪ ಮಾತ್ರ ಅದರ ಅರ್ಧ ದಾಟಬಾರದು. ಮರಿಗೆ ದಿನಾ, ದೊಡ್ಡದಕ್ಕೆ ಎರಡು ಮೂರು ದಿನಕ್ಕೊಮ್ಮೆ ಐದಾರು. ಕ್ರಿಕೆಟ್ ಹುಳು, ಡುಬಿಯಾ ಜಿರಳೆ, ಮೀಲ್‌ವರ್ಮ್ ದಿನದ ಊಟ. ವ್ಯಾಕ್ಸ್‌ವರ್ಮ್ ಹಬ್ಬದ ಹೋಳಿಗೆ. ಪೂರ್ತಿ ಕೊಬ್ಬು. ದಿನಾ ಹಾಕಿದರೆ ಬೇರೆ ಏನನ್ನೂ ಮೂಸುವುದಿಲ್ಲ, ಆಗ ನೀವು ಕರೆಯುವ "ಊಟ ಬಿಟ್ಟಿದೆ" ಬರೀ ಹಠ. ತೂಕ ಚೆನ್ನಾಗಿದ್ದರೆ ವಾರ ಹತ್ತು ದಿನ ಕಾಯಿರಿ, ಹಠ ಇಳಿಯುತ್ತದೆ. ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ರಾತ್ರಿ ಒಳಗೇ ಬಿಟ್ಟರೆ ಅವು ಗೆಕ್ಕೊದ ಬೆರಳು, ರೆಪ್ಪೆ ಕಡಿಯುತ್ತವೆ. ಮಾರನೇ ದಿನದಿಂದ ಗೆಕ್ಕೊ ಹುಳು ಕಂಡರೆ ಗೂಡು ಸೇರುತ್ತದೆ.

ಅಂಗಳದ ಹುಳು ಹಿಡಿದು ಹಾಕಬೇಡಿ. ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣ, ತೋಟದ ಔಷಧಿ ಎಲ್ಲ ಅವುಗಳ ಮೈಮೇಲಿರುತ್ತದೆ. ಮಿಂಚುಹುಳುವಂತೂ ಬೇಡವೇ ಬೇಡ: ಅಮೆರಿಕದ ಕೆಲವು ಮಿಂಚುಹುಳುಗಳಲ್ಲಿ ಹೃದಯಕ್ಕೆ ಹೊಡೆಯುವ ವಿಷವಿದೆ, ಸಾಕು ಹಲ್ಲಿಗಳು ಒಂದೇ ಒಂದು ತಿಂದು ಸತ್ತದ್ದು ದಾಖಲಾಗಿದೆ. ರೇಷ್ಮೆ ಹುಳು ಒಳ್ಳೆಯ ಆಹಾರ. ಮೆತ್ತಗೆ, ನೀರಿನಂಶ ಹೆಚ್ಚು, ಕೊಬ್ಬು ಕಡಿಮೆ, ಮುನಿಸಿಕೊಂಡ ಗೆಕ್ಕೊ ಕೂಡ ಅದರ ತೆವಳಾಟಕ್ಕೆ ಸೋಲುವುದುಂಟು. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೆಂಟರಿದ್ದವರಿಗೆ ಆಸೆಯಾಗುತ್ತದೆ. ಆದರೆ ಸಾಕಣೆ ಮನೆಯಲ್ಲಿ ಪ್ರತಿ ಜ್ವರದ ಹೊತ್ತಿಗೂ ತಟ್ಟೆಗೆ ಸುಣ್ಣದ ಪುಡಿ, ಸೋಂಕುನಿವಾರಕ ಪುಡಿ ಉದುರಿಸುತ್ತಾರೆ, ಹಿಪ್ಪುನೇರಳೆಗೆ ಔಷಧಿ ಹೊಡೆದಿರಬಹುದು. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು ತಂದು, ಔಷಧಿ ಕಾಣದ ಗಿಡದ ಸೊಪ್ಪಿನಲ್ಲಿ ಮನೆಯಲ್ಲೇ ಬೆಳೆಸಿ, ಮೂರನೇ ಜ್ವರ ಎದ್ದ ಗಾತ್ರದಲ್ಲಿ ಕೊಡಬಹುದು. ಹಣ್ಣಾಗಿ ಗೂಡು ಕಟ್ಟಲು ತಯಾರಾದ ಹುಳು ಗೆಕ್ಕೊ ಬಾಯಿಗೆ ಬಹಳ ದೊಡ್ಡದು.

ತೂಕ ಇಳಿಯುತ್ತಿರುವಾಗ, ಬಿಸಿ ಸರಿಯಿದ್ದಾಗ, ವೈದ್ಯರು ಹೇಳಿದ ಮೇಲೆ ಮಾತ್ರ ತಿನ್ನಿಸುವುದು. ಮೊದಲ ದಿನ ಬರೀ ನೀರು, ಮೂತಿಯ ತುದಿಗೆ ಒಂದೊಂದೇ ಹನಿ. ಆಮೇಲೆ ಕೀಟಾಹಾರಿ ಸರೀಸೃಪಗಳಿಗೆಂದೇ ಸಿಗುವ ಪುಡಿಯನ್ನು ಗಂಜಿಯಷ್ಟು ತೆಳ್ಳಗೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಟಿಗೆ ಸವರಿ, ನೆಕ್ಕುತ್ತದೆ. 50 ಗ್ರಾಂ ಪ್ರಾಣಿಗೆ ಸಲಕ್ಕೆ ಅರ್ಧ ಮಿಲಿಲೀಟರಿನಿಂದ ಶುರು ಮಾಡಿ 1 ಮಿಲಿಲೀಟರಿಗೆ ನಿಲ್ಲಿಸಿ. ಬಹಳ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಸಾಯುವುದುಂಟು. ದವಡೆ ಬಲವಂತವಾಗಿ ಬಿಡಿಸಬೇಡಿ. ರಾಗಿ ಗಂಜಿ, ಹಾಲು, ಬಾಳೆಹಣ್ಣು, ಬೆಕ್ಕಿನ ಬಿಸ್ಕತ್ತು ಯಾವುದೂ ಇದರ ಊಟವಲ್ಲ.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇವೆ.

"ಚಳಿಗಾಲದಲ್ಲಿ ತಾನಾಗಿ ಊಟ ಬಿಟ್ಟರೆ ಹೀಟರ್ ಆರಿಸಿಬಿಡಬಹುದಾ?"

ಹೊಟ್ಟೆಯಲ್ಲಿ ಊಟ ಇರುವಾಗ ಆರಿಸಬೇಡಿ. ಕೊನೆಯ ಊಟವಾಗಿ ಎರಡು ವಾರ ಪೂರ್ತಿ ಬಿಸಿಯಲ್ಲಿರಬೇಕು, ಕರುಳು ಖಾಲಿಯಾಗಬೇಕು, ಹಿಕ್ಕೆ ಪರೀಕ್ಷೆಯಲ್ಲಿ ಜಂತು ಇಲ್ಲ ಅಂತ ಗೊತ್ತಾಗಿರಬೇಕು. ಸಾಕುವುದಕ್ಕಷ್ಟೇ ಇಟ್ಟುಕೊಂಡವರಿಗೆ ತಂಪು ಮಾಡುವ ಅಗತ್ಯವೇ ಇಲ್ಲ. ಬಿಸಿ ಮೂಲೆ ಹಾಗೇ ಇರಲಿ. ತನಗೆ ಬೇಕಾದಾಗ ಅದೇ ತಂಪು ತುದಿಗೆ ಹೋಗಿ ಮಲಗುತ್ತದೆ.

"ವೈದ್ಯರ ಹತ್ತಿರ ಹೋಗುವಾಗ ಏನು ಒಯ್ಯಬೇಕು?"

ಒಂದು ದಿನದೊಳಗಿನ ಹಿಕ್ಕೆ, ಸಣ್ಣ ಡಬ್ಬಿಯಲ್ಲಿ, ಒಣಗದಂತೆ ಮುಚ್ಚಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ತೂಕ ಬರೆದ ಹಾಳೆ, ತೊಟ್ಟಿಯ ಫೋಟೊ, ಬಿಸಿ ಮತ್ತು ತಂಪು ತುದಿಯ ಅಂಕಿ, ಬಳಸುವ ಪುಡಿಗಳ ಡಬ್ಬಿಯ ಫೋಟೊ. ಪ್ರಾಣಿಯನ್ನು ಗಾಳಿತೂತಿರುವ ಡಬ್ಬಿಯಲ್ಲಿ ಟಿಶ್ಯೂ ಹಾಸಿ ಕೂರಿಸಿ, ಅದನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯ ಮುಚ್ಚಳ ಬಿಗಿ ಮಾಡಬೇಡಿ. ಕಾರಿನ ಎಸಿ ಗಾಳಿ ನೇರ ತಾಗದ ಕಡೆ ಇಟ್ಟರೆ ಸಾಕು. ಹೊರಡುವ ದಿನ ಹುಳು ಹಾಕಬೇಡಿ, ದಾರಿಯಲ್ಲಿ ಕಕ್ಕಿಬಿಡುತ್ತದೆ.